ಹೊಳೆ ಬಂತು: ಹಗರಿ ದಂಡೆಯ ನೆರೆ ನಕ್ಷೆಗಳು

ಬಳ್ಳಾರಿ ಸೀಮೆಯಲ್ಲಿ ‘ಹೊಳೆ ಬಂತು’ ಎಂದರೆ ಪ್ರವಾಹ ಬಂತು ಎಂದರ್ಥ. ಹಳ್ಳಕ್ಕೂ ಇದೇ ಮಾತು. ಮೂರು ದಿನ ಹಳ್ಳ ಬಂದು ದಾರಿ ಕಟ್ಟಿತ್ತು ಎನ್ನುತ್ತಾರೆ. ವರ್ಷದ ಹೆಚ್ಚಿನ ದಿನ ಮರಳು ಹಾಸಿಕೊಂಡು ಮಲಗಿರುವ ಹೊಳೆಗೆ ಇದಕ್ಕಿಂತ ಸರಿಯಾದ ಕ್ರಿಯಾಪದ ಇರಲಾರದು. ಅದು ನೆಂಟರ ಹಾಗೆ ಬರುತ್ತದೆ, ಹೋಗುತ್ತದೆ. ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ, ಬಂದರೆ ಎಲ್ಲಿಯವರೆಗೆ ಬರುತ್ತದೆ ಎಂಬ ಪ್ರಶ್ನೆಗೆ ಈ ನೆಲದಲ್ಲಿ ಯಾರು ಯಾರು ಹೇಗೆ ಉತ್ತರ ಬರೆದಿಟ್ಟಿದ್ದಾರೆ ಎಂಬುದು ನನ್ನನ್ನು ಕೆಲವು ಕಾಲದಿಂದ ಕಾಡುತ್ತಿರುವ ವಿಷಯ.

ನಾನಿರುವ ಪಾರ್ವತಿನಗರದಿಂದ ಗುಂತಕಲ್ ದಿಕ್ಕಿಗೆ ಹೊರಟರೆ ಪರಮದೇವನಹಳ್ಳಿಯ ಹತ್ತಿರ ಹಗರಿ ಸಿಗುತ್ತದೆ. ಪುಸ್ತಕದ ಹೆಸರು ವೇದಾವತಿ. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟಿದ ವೇದಾ ಮತ್ತು ಅವತಿ ಕಡೂರಿನ ಕಡೆ ಕೂಡಿ ವೇದಾವತಿಯಾಗುತ್ತವೆ. ಹೊಸದುರ್ಗ, ಹಿರಿಯೂರು, ಚಳ್ಳಕೆರೆ ಸೀಮೆಗಳನ್ನು ದಾಟಿ, ಅನಂತಪುರ ಜಿಲ್ಲೆಗೆ ಹೊಕ್ಕು, ಮತ್ತೆ ಬಳ್ಳಾರಿಗೆ ಬಂದು, ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆಯನ್ನು ಸೇರುವ ಹೊತ್ತಿಗೆ ಅದರ ಹೆಸರು ಹಗರಿ. ‘ಅಘಹಾರಿ’, ಅಂದರೆ ಪಾಪ ಕಳೆಯುವವಳು, ಎಂಬುದು ಹಗರಿ ಆಯಿತೆಂದು ಹೇಳುವುದುಂಟು. ಮಲೆನಾಡಿನಲ್ಲಿ ಹುಟ್ಟಿ ಬಯಲುಸೀಮೆಯಲ್ಲಿ ಬತ್ತುವ ಹೊಳೆ ಇದು. ಕೆಳಗಿನ ಊರಿನ ಆಕಾಶ ತಿಳಿಯಾಗಿದ್ದಾಗಲೂ ಮೇಲಿನ ಯಾವುದೋ ಊರಿನ ಮಳೆ ಇದರಲ್ಲಿ ಇಳಿದು ಬರಬಹುದು.

ಬಳ್ಳಾರಿ ಜಿಲ್ಲೆಯ ನೆರೆಯ ಚರಿತ್ರೆಯಲ್ಲಿ ನಾನು ಮೊದಲು ಓದಿದ್ದು 1851ರ ಮೇ ತಿಂಗಳ ಕಥೆ. ಜಾನ್ ಕೆಲ್ಸಾಲ್ 1872ರಲ್ಲಿ ಹೊರತಂದ ಜಿಲ್ಲಾ ಕೈಪಿಡಿಯಲ್ಲೂ, ಡಬ್ಲ್ಯೂ. ಫ್ರಾನ್ಸಿಸ್ 1904ರಲ್ಲಿ ಪ್ರಕಟಿಸಿದ ಗೆಜೆಟಿಯರಿನಲ್ಲೂ ಅದರ ಉಲ್ಲೇಖವಿದೆ. ಪೂರ್ವ ಕರಾವಳಿಯಿಂದ ಒಳನುಗ್ಗಿದ ಚಂಡಮಾರುತ ಬಳ್ಳಾರಿಯವರೆಗೆ ಬಂತು. ಕೆರೆಗಳು ಒಡೆದವು, ಕಾಲುವೆಗಳು ಹಾಳಾದವು. ಹಗರಿಯ ದಂಡೆಯಲ್ಲಿದ್ದ ಗೂಳ್ಯಂ ಎಂಬ ದೊಡ್ಡ ಊರು ಕೊಚ್ಚಿಹೋಯಿತು.

ಇಲ್ಲಿ ಗಮನಿಸಬೇಕಾದದ್ದು ತಿಂಗಳು. ಮೇ ಎಂದರೆ ನಮ್ಮಲ್ಲಿ ಹೊಳೆ ಪೂರ್ತಿ ಒಣಗಿರುವ ಕಾಲ, ಮುಂಗಾರು ಇನ್ನೂ ಬಂದಿರದ ಕಾಲ. ಹೊಳೆಯ ಮೇಲೆ ಯಾರೂ ಕಣ್ಣಿಟ್ಟಿರದ ದಿನಗಳಲ್ಲಿ ಅದು ಬಂತು. ಇನ್ನೊಂದು ಸಂಗತಿ, ಕೆರೆಗಳು. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಹಳ್ಳದ ಉದ್ದಕ್ಕೂ ಸಾಲಾಗಿ ಕಟ್ಟಿದ ಕೆರೆಗಳಲ್ಲಿ ಮೇಲಿನದು ಒಡೆದರೆ ಕೆಳಗಿನವು ತಾಳುವುದು ಕಷ್ಟ. ಆಗ ಹೊಳೆಗೆ ಬರುವುದು ಆ ದಿನದ ಮಳೆಯಷ್ಟೇ ಅಲ್ಲ, ಕೆರೆಗಳಲ್ಲಿ ಕೂಡಿಟ್ಟ ನೀರೂ ಅದರ ಜೊತೆ ಬರುತ್ತದೆ. ನೆರೆಯ ನಕ್ಷೆ ಬರೆಯುವವರು ಹೊಳೆಯನ್ನು ಮಾತ್ರ ಬರೆದರೆ ಸಾಲದು ಎನ್ನುವುದಕ್ಕೆ ಇದು ಹಳೆಯ ಸಾಕ್ಷಿ.

ಹಾಗಾದರೆ ಆಗ ನಕ್ಷೆಗಳೇ ಇರಲಿಲ್ಲವೇ? ಇದ್ದವು. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಬಂದ ಈ ‘ದತ್ತ ಜಿಲ್ಲೆ’ಗಳಿಗೆ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರನಾಗಿ 1807ರವರೆಗೆ ಇದ್ದ. ಹೊಲ ಹೊಲವನ್ನೂ ಅಳೆಸಿದ. ಆದರೆ ಅಳತೆಯ ಉದ್ದೇಶ ಕಂದಾಯ. ಎರೆಯೋ ಮಸಾರಿಯೋ, ಖುಷ್ಕಿಯೋ ತರಿಯೋ, ಎಷ್ಟು ತೀರುವೆ ಹಾಕಬಹುದು ಎಂಬುದು ಪ್ರಶ್ನೆ. ಈ ಪರಂಪರೆಯಲ್ಲಿ ಬಂದ ಗ್ರಾಮ ನಕ್ಷೆಗಳನ್ನು ಇವತ್ತೂ ಬಿಡಿಸಿ ನೋಡಿದರೆ ಹಳ್ಳ ಎರಡು ಗೆರೆಗಳ ನಡುವಿನ ಖಾಲಿ ಜಾಗ. ಕಂದಾಯ ಹುಟ್ಟದ ನೆಲವಾದ್ದರಿಂದ ಅದು ‘ಖರಾಬು’. ಗೆರೆಯ ಈಚೆಗೆ ಹೊಲ, ಆಚೆಗೆ ನೀರು. ಹಳ್ಳವೆಂದರೆ ಇಷ್ಟೇ ಅಗಲ ಎಂದು ಆ ಗೆರೆ ನಮಗೆ ನಂಬಿಸಿಬಿಟ್ಟಿದೆ. ಹಳ್ಳ ಬಂದಾಗ ಮಾತ್ರ ಅದರ ನಿಜವಾದ ಅಗಲ ಗೊತ್ತಾಗುತ್ತದೆ.

ಊರವರ ಬಳಿ ಬೇರೆ ನಕ್ಷೆ ಇತ್ತು. ಅದು ಕಾಗದದ ಮೇಲಿರಲಿಲ್ಲ. ದಂಡೆಯ ಊರುಗಳಲ್ಲಿ ತಿರುಗಾಡುವಾಗ ನಾನು ಕಂಡಂತೆ ಹಳೆಯ ಕೇರಿಗಳೂ ಗುಡಿಗಳೂ ಸಾಮಾನ್ಯವಾಗಿ ದಿಬ್ಬದ ಮೇಲಿವೆ. ಹೊಸ ಮನೆಗಳು, ಅದರಲ್ಲೂ ಬೇರೆ ಜಾಗ ಸಿಗದ ಬಡವರ ಮನೆಗಳು, ತಗ್ಗಿನಲ್ಲಿವೆ. ಒಂದು ಊರಿನಲ್ಲಿ ಹಿರಿಯರೊಬ್ಬರು ಗುಡಿಯ ಗೋಡೆಯ ಮೇಲೆ ಕೈಯಿಟ್ಟು 2009ರಲ್ಲಿ ನೀರು ಇಲ್ಲಿಗೆ ನಿಂತಿತ್ತು ಎಂದು ತೋರಿಸಿದರು. ಸುಣ್ಣ ಬಳಿದು ಗುರುತು ಅಳಿಸಿತ್ತು. ಅವರ ಕೈಗೆ ಮಾತ್ರ ಎತ್ತರ ಮರೆತಿರಲಿಲ್ಲ. ಇಂಥ ನಕ್ಷೆಯ ಕಷ್ಟವೆಂದರೆ ಅದು ಒಬ್ಬ ಮನುಷ್ಯನ ಆಯುಷ್ಯದಷ್ಟೇ ಬಾಳುತ್ತದೆ.

ಮರೆವಿಗೆ ಇನ್ನೊಂದು ಕಾರಣವೂ ಸೇರಿತು. 1898ರಲ್ಲಿ ಶುರುವಾದ ಮಾರಿಕಣಿವೆಯ ಕಟ್ಟೆ 1907ರಲ್ಲಿ ಮುಗಿದು, ವಾಣಿವಿಲಾಸ ಸಾಗರ ವೇದಾವತಿಯನ್ನು ಹಿರಿಯೂರಿನ ಬಳಿಯೇ ತಡೆದು ನಿಲ್ಲಿಸಿತು. 30 ಟಿಎಂಸಿ ನೀರು ಹಿಡಿಯುವ ಆ ಜಲಾಶಯ ಮೊದಲು ಕೋಡಿ ಹರಿದದ್ದು 1933ರಲ್ಲಿ. ಸ್ವಾತಂತ್ರ್ಯಾನಂತರ ಗಡಿಯಾಚೆ ಭೈರವಾನಿತಿಪ್ಪದಲ್ಲಿ ಇನ್ನೊಂದು ಅಣೆಕಟ್ಟು ಬಂತು. ಕೆಳಗಿನವರ ಪಾಲಿಗೆ ಹಗರಿ ಎಂದರೆ ಮರಳು ಎಂದಾಯಿತು. ಪಾತ್ರದೊಳಗೇ ಬಿತ್ತನೆ, ದಂಡೆಯಲ್ಲಿ ಪಂಪ್‌ಸೆಟ್ಟು, ತಗ್ಗಿನಲ್ಲಿ ರಸ್ತೆ. ವಾಣಿವಿಲಾಸ ಸಾಗರ ಎರಡನೆಯ ಸಲ ಕೋಡಿ ಹರಿದದ್ದು 2022ರ ಸೆಪ್ಟೆಂಬರ್ 2ರಂದು, ಎಂಬತ್ತೊಂಬತ್ತು ವರ್ಷಗಳ ನಂತರ. ಮೂರು ತಲೆಮಾರು ನೋಡದ ನೀರು ಅದು. ಮೂರನೆಯ ಸಲಕ್ಕೆ ಅಷ್ಟು ಕಾಯಬೇಕಾಗಲಿಲ್ಲ. 2025ರ ಜನವರಿಯಲ್ಲೇ ಮತ್ತೆ ಕೋಡಿ ಬಿತ್ತು.

2022ರಲ್ಲಿ ಹಗರಿ ತುಂಬಿ ಬಂದಾಗ ಆದದ್ದನ್ನು ಯಾವ ಮಾಮೂಲಿ ನೆರೆ ನಕ್ಷೆಯೂ ತೋರಿಸಲಾರದು. ತುಂಗಭದ್ರಾ ಕೆಳಮಟ್ಟದ ಕಾಲುವೆ ಬೈರದೇವನಹಳ್ಳಿ ಬಳಿ ಹಗರಿಯನ್ನು ಮೇಲ್ಗಾಲುವೆಯ ಮೂಲಕ ದಾಟುತ್ತದೆ. ಅದರ ಒಂದು ಕಂಬ ಕುಸಿಯಿತು. ಕಾಲುವೆಗೆ ನೀರು ನಿಲ್ಲಿಸಬೇಕಾಯಿತು. ಹಗರಿಯ ನೀರು ತಮ್ಮ ಹೊಲಕ್ಕೆ ಹನಿಯೂ ನುಗ್ಗದ ರೈತರು, ಕರ್ನಾಟಕದಲ್ಲೂ ಆಂಧ್ರದಲ್ಲೂ, ನಿಂತ ಪೈರಿಗೆ ನೀರಿಲ್ಲದೆ ಕಂಗಾಲಾದರು. ನೆರೆಯೇ ಬರವನ್ನು ತಂದ ಪ್ರಸಂಗ ಇದು. ಅಪಾಯದ ನಕ್ಷೆಗೆ ನೀಲಿ ಬಣ್ಣ ಬಳಿಯುವಾಗ ನೀರು ನಿಲ್ಲುವ ಜಾಗದ ಜೊತೆಗೆ ಆ ನೀರು ಕಿತ್ತುಹಾಕಬಲ್ಲ ಸೇತುವೆ, ಕಂಬ, ಕಾಲುವೆಗಳನ್ನೂ, ಅವನ್ನು ನಂಬಿದ ದೂರದ ಹೊಲಗಳನ್ನೂ ಗುರುತಿಸಬೇಕಾಗುತ್ತದೆ.

ಸಿರುಗುಪ್ಪದ ಕಡೆ ಅಪಾಯದ ಸ್ವರೂಪವೇ ಬೇರೆ. ಅಲ್ಲಿ ನೆಲ ಚಪ್ಪಟೆ, ಎರೆಮಣ್ಣು, ಎರಡು ಹೊಳೆಗಳು ಕೂಡುವ ಜಾಗ. ತುಂಗಭದ್ರೆ ತುಂಬಿದ್ದಾಗ ಹಗರಿಗೆ ಮುಂದೆ ಹೋಗಲು ದಾರಿಯಿರುವುದಿಲ್ಲ. ಹಗರಿ ನಿಂತರೆ ಅದಕ್ಕೆ ಬೀಳುವ ಹಳ್ಳಗಳೂ ನಿಲ್ಲುತ್ತವೆ. ನೀರು ಹಿಂದಕ್ಕೆ ಒತ್ತಿ ಹೊಲಗಳಿಗೆ ಏರುತ್ತದೆ. ಆದವಾನಿ ದಾರಿಯ ರಾರಾವಿ ಸೇತುವೆ ಮುಳುಗಿ ಸಂಚಾರ ನಿಲ್ಲುವುದು ಸೀಮೆಯವರಿಗೆ ಹೊಸ ಸುದ್ದಿಯಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕವೆಲ್ಲ ಮುಳುಗಿ ಕೆಳಗೆ ಕರ್ನೂಲು ಪಟ್ಟಣವೇ ನೀರಿನಲ್ಲಿ ನಿಂತಾಗ ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳೂ ಅದರಲ್ಲಿದ್ದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ ದಂಡೆಯವರು ಎಚ್ಚರದಲ್ಲೇ ಕಾಲ ಕಳೆದರು. ಮಳೆಯಿಲ್ಲದೆಯೂ ಹೊಳೆ ಬರಬಹುದು ಎಂಬುದು ಆಗ ಗೊತ್ತಾಯಿತು.

ಹಳ್ಳಗಳ ಪಾಡೂ ಬದಲಾಗಿದೆ. ಕಾಲುವೆಯ ಬಸಿನೀರು ಬಿದ್ದು ಕೆಲವು ಹಳ್ಳಗಳಲ್ಲಿ ಬೇಸಿಗೆಯಲ್ಲೂ ತೇವ. ಆ ತೇವಕ್ಕೆ ಜಾಲಿ ಸೊಕ್ಕಿ ಬೆಳೆಯುತ್ತದೆ. ಹೊರದೇಶದಿಂದ ಬಂದ ಗಿಡಕ್ಕೆ ನಾಡಿನವರು ‘ಬಳ್ಳಾರಿ ಜಾಲಿ’ ಎಂದು ನಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ. ಪಾತ್ರದೊಳಗೆ ಜಾಲಿ, ಅಂಚಿನಿಂದ ಒತ್ತುವರಿ, ರಸ್ತೆಯ ಕೆಳಗೆ ಇಕ್ಕಟ್ಟಾದ ಪೈಪು. ಮೊದಲು ಹರಿದು ಹೋಗುತ್ತಿದ್ದಷ್ಟೇ ನೀರು ಈಗ ಎರಡು ಹೊಲ ಹೆಚ್ಚಿಗೆ ಹರಡುತ್ತದೆ.

ಈಗ ನಕ್ಷೆ ಬರೆಯುವ ಸಾಧನಗಳಿಗೆ ಕೊರತೆಯಿಲ್ಲ. ಕೇಂದ್ರ ಜಲ ಆಯೋಗ ಹೊಳೆಗಳ ಮಟ್ಟ ಅಳೆಯುತ್ತದೆ. ಉಪಗ್ರಹಗಳು ಮೋಡದ ಮರೆಯಿಂದಲೂ ನೀರು ನಿಂತ ನೆಲದ ಚಿತ್ರ ತೆಗೆಯುತ್ತವೆ. 1988ರಲ್ಲಿ ಬರದ ಮೇಲೆ ಕಣ್ಣಿಡಲೆಂದು ಹುಟ್ಟಿದ ರಾಜ್ಯದ ಘಟಕವೇ ಇಂದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಹೋಬಳಿ, ಪಂಚಾಯಿತಿಗಳ ಮಳೆಯನ್ನು ಗಳಿಗೆ ಗಳಿಗೆಗೆ ದಾಖಲಿಸುತ್ತದೆ. ತೊಂದರೆ ಇರುವುದು ಅರ್ಥ ಮಾಡಿಕೊಳ್ಳುವುದರಲ್ಲಿ. ‘ನೂರು ವರ್ಷದ ನೆರೆ’ ಎಂದರೆ ಈಗ ಬಂದು ಹೋಯಿತು, ಇನ್ನು ಮೊಮ್ಮಕ್ಕಳ ಕಾಲಕ್ಕೆ ಎಂದು ಜನ ತಿಳಿಯುತ್ತಾರೆ. ಅದರ ಅರ್ಥ ಪ್ರತಿವರ್ಷವೂ ನೂರರಲ್ಲಿ ಒಂದು ಪಾಲು ಸಂಭವ ಎಂದು. ಮೂವತ್ತು ವರ್ಷ ಬಾಳುವ ಮನೆಯ ಲೆಕ್ಕದಲ್ಲಿ ಅದು ನೂರಕ್ಕೆ 26ರಷ್ಟಾಗುತ್ತದೆ. ನಾಲ್ಕು ಮನೆಗೆ ಒಂದು.

ಕಾನೂನಿನ ಕಥೆಯೂ ಹಳೆಯದೇ. ಹೊಳೆಯ ಬಯಲನ್ನು ವಲಯಗಳಾಗಿ ಗುರುತಿಸಿ, ಎಲ್ಲಿ ಮನೆ ಕಟ್ಟಬಾರದು, ಎಲ್ಲಿ ಬೆಳೆ ಮಾತ್ರ ಇರಬೇಕು ಎಂದು ಗೊತ್ತುಮಾಡುವ ಮಾದರಿ ಮಸೂದೆಯನ್ನು ಕೇಂದ್ರ ಸರ್ಕಾರ 1975ರಲ್ಲೇ ರಾಜ್ಯಗಳಿಗೆ ಕಳುಹಿಸಿತು. ಮಣಿಪುರದಂಥ ಕೆಲವೇ ರಾಜ್ಯಗಳು ಕಾನೂನು ಮಾಡಿದವು. ಗೆರೆ ಎಳೆದರೆ ಯಾರದ್ದೋ ನಿವೇಶನದ ಬೆಲೆ ಇಳಿಯುತ್ತದೆ. ಎಳೆಯದಿದ್ದರೆ ಯಾರದ್ದೋ ಮನೆ ಮುಳುಗುತ್ತದೆ. ಮೊದಲನೆಯವರ ದನಿ ಬೇಗ ಕೇಳಿಸುತ್ತದೆ.

ಗೂಳ್ಯಂ ಮತ್ತೆ ಎದ್ದು ನಿಂತ ಊರು. ಗಾದಿಲಿಂಗಪ್ಪ ತಾತನ ದರ್ಶನಕ್ಕೆ ಬಳ್ಳಾರಿಯ ಭಕ್ತರು ಈಗಲೂ ಅಲ್ಲಿಗೆ ಹೋಗುತ್ತಾರೆ. 1953ರ ಅಕ್ಟೋಬರ್ 1ರಂದು ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದಾಗ ಗೂಳ್ಯಂ ಆಚೆಗೆ ಹೋಯಿತು. ಹಗರಿಯ ಅತಿ ದೊಡ್ಡ ಪಾಠ ಕಲಿಸಿದ ಊರು ಹೀಗೆ ನಮ್ಮ ಜಿಲ್ಲೆಯ ನಕ್ಷೆಯ ಹೊರಗಿದೆ. ಆ ಬದಿಯವರ ನಕ್ಷೆಯಲ್ಲಿ ಮಾರಿಕಣಿವೆ ಇರಲಾರದು. ಎರಡು ರಾಜ್ಯಗಳ ಕಾಗದಗಳನ್ನು ಪಕ್ಕಪಕ್ಕದಲ್ಲಿ ಹಾಸಿ, ಕೆರೆಯಿಂದ ಕೋಡಿಗೆ, ಕೋಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಒಂದೇ ಗೆರೆ ಎಳೆಯುವ ಕೆಲಸ ಆಗಬೇಕಿದೆ. ಗುಡಿಯ ಗೋಡೆಯ ಮೇಲೆ ಕೈಯಿಟ್ಟು ಎತ್ತರ ತೋರಿಸಬಲ್ಲವರು ಇನ್ನೂ ಇರುವಾಗಲೇ ಅದು ಆದರೆ ಒಳ್ಳೆಯದು.