ಖೈರ್-ಉಲ್-ಮನಾಜಿಲ್ ಮಸೀದಿ: ಹೆಸರಿನಲ್ಲಿ ಅಡಗಿದ ಕಾಲ ಮತ್ತು ಸಂರಕ್ಷಣೆಯ ಪ್ರಶ್ನೆ

ದೆಹಲಿಯ ಪುರಾನಾ ಕಿಲಾದ ಎದುರಿಗೆ, ಮಥುರಾ ರಸ್ತೆಯ ಆಚೆ ಬದಿಯಲ್ಲಿರುವ ಖೈರ್-ಉಲ್-ಮನಾಜಿಲ್ ಮಸೀದಿಯನ್ನು ಅಕ್ಬರನ ಸಾಕುತಾಯಿ ಮಾಹಂ ಅನಗಾ ಕಟ್ಟಿಸಿದಳು. ಪ್ರಾರ್ಥನಾ ಮಂದಿರದ ನಡುಗಮಾನಿನ ಮೇಲಿರುವ ಪಾರಸಿ ಶಾಸನವು ಆಕೆಯನ್ನೂ, ನೆರವಾದ ಶಿಹಾಬುದ್ದೀನ್ ಅಹಮದ್ ಖಾನನನ್ನೂ ಹೆಸರಿಸುತ್ತದೆ. ಮಸೀದಿಯ ಹೆಸರೇ ಅದರ ಕಾಲಸೂಚಿ. ಅರಬ್ಬಿ ಲಿಪಿಯ ಅಕ್ಷರಮೌಲ್ಯದಂತೆ 'ಖೈರ್' 810, ಅಲಿಫ್-ಲಾಮ್ ಸೇರಿ 31, 'ಮನಾಜಿಲ್' 128; ಒಟ್ಟು 969. ಹಿಜರಿ 969 ಎಂದರೆ ಕ್ರಿ.ಶ. 1561-62. ಕಣ್ಣು ಎಂದರೆ 2, ಬಾಣ ಎಂದರೆ 5 ಎಂದು ಶಕವರ್ಷ ಎಣಿಸಿ ರೂಢಿಯಿರುವ ಕನ್ನಡ ಶಾಸನಾಭ್ಯಾಸಿಗಳಿಗೆ ಈ ಜಾಣ್ಮೆ ಅಪರಿಚಿತವೆನಿಸದು.

ಈ ವರ್ಷಕ್ಕೆ ಬೇರೊಂದು ಮಹತ್ವವೂ ಇದೆ. 1562ರ ಮೇ ತಿಂಗಳಲ್ಲಿ ಅಕ್ಬರನು ಆಕೆಯ ಮಗ ಅದ್ಹಂ ಖಾನನನ್ನು ಕೊಲ್ಲಿಸಿದನು. ಸುಮಾರು ನಲವತ್ತು ದಿನಗಳಲ್ಲಿ ತಾಯಿಯೂ ತೀರಿಕೊಂಡಳು. ಅದೂ ಹಿಜರಿ 969ರೊಳಗೇ. ಆಕೆಯ ಅಧಿಕಾರದ ಕೊನೆಯ ಗಳಿಗೆಯ ಸಾಕ್ಷ್ಯ ಈ ಗೋಡೆಯ ಮೇಲಿದೆ.

ಕೆಂಪುಕಲ್ಲಿನ ಹೆಬ್ಬಾಗಿಲನ್ನು ಬಿಟ್ಟರೆ ಕಟ್ಟಡ ಬಹುಮಟ್ಟಿಗೆ ಒರಟುಕಲ್ಲು ಮತ್ತು ಗಾರೆಯದು. ಅಂಗಳದ ಸುತ್ತ ಮದರಸಾದ ಎರಡಂತಸ್ತಿನ ಕೋಣೆಗಳಿವೆ. ಮುಂಭಾಗದ ಮೆರುಗು ಬಿಲ್ಲೆಗಳು ಬಹಳಷ್ಟು ಉದುರಿವೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಈ ಸ್ಮಾರಕದ ಗಾರೆಯ ವಿಷಯದಲ್ಲಿ ವಿವಾದಕ್ಕೆ ಎಡೆಯಿಲ್ಲ. ಸಿಮೆಂಟು ಸುಣ್ಣಕ್ಕಿಂತ ಗಡುಸು. ಗೋಡೆಯೊಳಗಿನ ತೇವವನ್ನು ಹೊರಬಿಡದೆ ಉಪ್ಪನ್ನು ಹಳೆಯ ಗಾರೆಗೆ ಅಟ್ಟುತ್ತದೆ. ದುರಸ್ತಿಯು ಸುಣ್ಣದಿಂದಲೇ ಆಗಬೇಕು.

ತೊಡಕಿರುವುದು ಬಿಲ್ಲೆಗಳಲ್ಲಿ. 1923ರ ಮಾರ್ಷಲ್ ಕೈಪಿಡಿಯು ಇರುವುದನ್ನು ಉಳಿಸುವುದಕ್ಕೆ ಒತ್ತು ಕೊಟ್ಟಿತು. ಹುಮಾಯೂನನ ಗೋರಿಯ ಛತ್ರಿಗಳಿಗಾದರೋ ಆಗಾ ಖಾನ್ ಸಂಸ್ಥೆಯು, ಉಳಿದ ಹಳೆಯ ಬಿಲ್ಲೆಗಳನ್ನು ಕದಲಿಸದೆ, ಹೊಸದಾಗಿ ಸುಟ್ಟವನ್ನು ಕೂಡಿಸಿತು. ಆ ಕೆಲಸದಿಂದ ಕುಶಲಕರ್ಮಿಗಳ ಕೈಗೆ ಮರೆತ ವಿದ್ಯೆ ಮರಳಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಮಾದರಿ ಮರುಕಳಿಸುವ ಪಟ್ಟಿಯಲ್ಲಿ ಕಳೆದುಹೋದುದನ್ನು ಪಕ್ಕದ ತುಣುಕಿನಿಂದ ತಿಳಿಯಬಹುದು. ಮಾದರಿಯೇ ಅಳಿದಲ್ಲಿ ಹೊಸ ಬಿಲ್ಲೆಯು ಊಹೆಯನ್ನು ಸಾಕ್ಷ್ಯವೆಂಬಂತೆ ತೋರಿಸುತ್ತದೆ. ಅಂಥ ಕಡೆ ಬೋಳು ಗಾರೆಯೇ ಲೇಸೆಂಬುದು ನಮ್ಮ ಅಭಿಪ್ರಾಯ. ಶಾಸನದ ಸುತ್ತಲಂತೂ ಏನನ್ನೂ ಸೇರಿಸಲಾಗದು. ಒದ್ದೆ ಕಾಗದದ ಪಡಿಯಚ್ಚು ನಮಗೆ ರೂಢಿಯಾದರೂ, ಬಿಲ್ಲೆ ಸಡಿಲಾದ ಗೋಡೆಗೆ ಕುಂಚ ತಾಗಿಸದೆ ಛಾಯಾಚಿತ್ರದಿಂದಲೇ ಓದುವುದು ಕ್ಷೇಮ.