ಮಧುಮೇಹ: ಪುರಾತನ ರೋಗ, ಶತಮಾನದ ಚಿಕಿತ್ಸೆ

ರಕ್ತದಲ್ಲಿ ಸಕ್ಕರೆಯ ಅಂಶ ನಿರಂತರವಾಗಿ ಮಿತಿಮೀರಿರುವ ಸ್ಥಿತಿಯೇ ಮಧುಮೇಹ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಯ ಜನರಿಗೆ ಇದು 'ಶುಗರ್' ಎಂದೇ ಪರಿಚಿತ. ಇದು ಕೇವಲ ನಗರವಾಸಿಗಳ ರೋಗವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ, ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ನಗರಗಳಲ್ಲಿ ಶೇ 16.4ರಷ್ಟು, ಹಳ್ಳಿಗಳಲ್ಲಿ ಶೇ 8.9ರಷ್ಟು ವಯಸ್ಕರು ಇದಕ್ಕೆ ತುತ್ತಾಗಿದ್ದಾರೆ.

ಇತಿಹಾಸ

ಚರಕ ಮತ್ತು ಸುಶ್ರುತ ಸಂಹಿತೆಗಳು 'ಪ್ರಮೇಹ'ವನ್ನು 20 ಬಗೆಗಳಾಗಿ ವಿಂಗಡಿಸಿ, ಜೇನಿನಂತೆ ಸಿಹಿಯಾದ ಮೂತ್ರವುಳ್ಳ ಬಗೆಯನ್ನು ಮಧುಮೇಹವೆಂದು ಕರೆದವು. ಹುಟ್ಟಿನಿಂದ ಬರುವುದು ಮತ್ತು ಅಪಥ್ಯದಿಂದ ಬರುವುದು ಬೇರೆ ಬೇರೆ ಎಂಬುದನ್ನೂ ಸುಶ್ರುತ ಗುರುತಿಸಿದ್ದ. 1889ರಲ್ಲಿ ಜರ್ಮನಿಯ ವಿಜ್ಞಾನಿಗಳು ಈ ರೋಗಕ್ಕೂ ಮೇದೋಜೀರಕ ಗ್ರಂಥಿಗೂ ಇರುವ ನಂಟನ್ನು ಸಾಬೀತುಪಡಿಸಿದರು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ ಬಾಲಕ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು ನೀಡಲಾಯಿತು. ಅದಕ್ಕೂ ಮುನ್ನ ಟೈಪ್ 1 ಮಧುಮೇಹ ಬಂದ ಮಕ್ಕಳು ಬದುಕುಳಿಯುತ್ತಿರಲಿಲ್ಲ.

ಆರೋಗ್ಯದ ಮೇಲೆ ಪರಿಣಾಮ

ಹೆಚ್ಚಾಗಿ ಕಂಡುಬರುವ ಟೈಪ್ 2 ಮಧುಮೇಹ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಈ ಅವಧಿಯಲ್ಲಿ ಕಣ್ಣು, ಮೂತ್ರಪಿಂಡ, ಹೃದಯ ಹಾಗೂ ನರಗಳು ಹಾನಿಗೊಳ್ಳುತ್ತವೆ. ನರದೌರ್ಬಲ್ಯದಿಂದ ಪಾದ ಜೋಮು ಹಿಡಿದಿದ್ದರೆ, ಬರಿಗಾಲಿನಲ್ಲಿ ಹೊಲಕ್ಕಿಳಿದ ರೈತನಿಗೆ ಮುಳ್ಳು ಚುಚ್ಚಿದ್ದೂ ತಿಳಿಯದು. ಆ ಗಾಯ ಕೊಳೆತು ಕಾಲನ್ನೇ ಕತ್ತರಿಸಬೇಕಾದೀತು. ಹೀಗಾಗಿ ಹೊಲದಲ್ಲೂ ಪಾದರಕ್ಷೆ ಧರಿಸುವುದು, ದಿನವೂ ಪಾದ ಪರೀಕ್ಷಿಸಿಕೊಳ್ಳುವುದು ಚಿಕಿತ್ಸೆಯ ಭಾಗವೇ ಆಗಿದೆ.

ಜೋಳದ ನಾಡಿನ ಆಹಾರ

ಜೋಳದ ರೊಟ್ಟಿ ಉಣ್ಣುವವರಿಗೆ ಶುಗರ್ ಬಾರದು ಎಂಬುದು ಪೂರ್ಣಸತ್ಯವಲ್ಲ. ಜೋಳದಲ್ಲಿ ನಾರಿನಂಶವಿದ್ದರೂ ಪಿಷ್ಟವೂ ಹೇರಳವಾಗಿದೆ. ಆದ್ದರಿಂದ ಪ್ರಮಾಣವೇ ಮುಖ್ಯ. ಜೊತೆಗೆ ಕಾಳುಪಲ್ಲೆ, ಸೊಪ್ಪು ಇದ್ದರೆ ಸಕ್ಕರೆ ಏರುವ ವೇಗ ತಗ್ಗುತ್ತದೆ. ಸಕ್ಕರೆಯ ಬದಲು ಬೆಲ್ಲ ಬಳಸುವುದರಿಂದ ಪ್ರಯೋಜನವಿಲ್ಲ.

ತಪಾಸಣೆ

ಬರಿಹೊಟ್ಟೆಯಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 126 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಸಕ್ಕರೆ ಇದ್ದು, ಮರುಪರೀಕ್ಷೆಯಲ್ಲೂ ಅದೇ ಕಂಡರೆ ಮಧುಮೇಹ ಖಚಿತ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಮಾಯದ ಗಾಯ ಇದರ ಲಕ್ಷಣಗಳು. ಆದರೆ ಲಕ್ಷಣಗಳಿಗಾಗಿ ಕಾಯುವುದು ಸಲ್ಲದು. 30 ವರ್ಷ ದಾಟಿದವರನ್ನು ತಪಾಸಣೆಗೆ ಒಳಪಡಿಸುವುದು ಸರ್ಕಾರದ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದ ಭಾಗವಾಗಿದೆ. ಕೆಟ್ಟ ಮೂತ್ರಪಿಂಡಕ್ಕಾಗಿ ವಿಜಯಪುರ, ಸೊಲ್ಲಾಪುರಗಳಿಗೆ ಅಲೆಯುವುದಕ್ಕಿಂತ ತಾಲೂಕು ಆಸ್ಪತ್ರೆಯಲ್ಲಿ ಮೊದಲೇ ಮಾಡಿಸಿಕೊಂಡ ರಕ್ತಪರೀಕ್ಷೆ ಬಡ ಕುಟುಂಬಕ್ಕೆ ಹಗುರ.