ಬೊಜ್ಜಿಗೆ ಶಸ್ತ್ರಚಿಕಿತ್ಸೆ: ಯಾವುದು, ಯಾರಿಗೆ?

ದೇಹಕ್ಕೆ ಸೇರುವ ಶಕ್ತಿ ಖರ್ಚಾಗುವ ಶಕ್ತಿಗಿಂತ ಹೆಚ್ಚಾದರೆ, ಉಳಿದದ್ದು ಕೊಬ್ಬಾಗಿ ಶೇಖರವಾಗುತ್ತದೆ. ಶಕ್ತಿ ಸಂರಕ್ಷಣಾ ನಿಯಮವನ್ನು ಓದಿದವರಿಗೆಲ್ಲ ಇದು ಸುಲಭದ ಲೆಕ್ಕ. ಹಾಗಾದರೆ ಒಳಬರುವುದನ್ನೇ ತಗ್ಗಿಸಿದರೆ? ಬೊಜ್ಜಿನ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಈ ಲೆಕ್ಕದಿಂದಲೇ. ಆದರೆ ಇಂದು ವೈದ್ಯರು ಒಬ್ಬರಿಗೆ 'ಸ್ಲೀವ್', ಇನ್ನೊಬ್ಬರಿಗೆ 'ಬೈಪಾಸ್' ಎಂದು ಸೂಚಿಸುವುದೇಕೆ ಎಂಬುದು ನಿಮಗೆ ಇದರಿಂದ ತಿಳಿಯದು. ಅದಕ್ಕೆ ಎಪ್ಪತ್ತು ವರ್ಷಗಳ ಇತಿಹಾಸವನ್ನು ನೋಡಬೇಕು.

1954ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ರೆಮೆನ್ ಮತ್ತು ಸಂಗಡಿಗರು ಸಣ್ಣ ಕರುಳಿನ ಬಹುಭಾಗವನ್ನು ಬದಿಗಿರಿಸಿ, ಆಹಾರಕ್ಕೆ ಒಳದಾರಿ ಮಾಡಿಕೊಟ್ಟ ವಿಧಾನವನ್ನು ವರದಿ ಮಾಡಿದರು. ಮುಂದೆ ಬಳಕೆಗೆ ಬಂದ ಒಂದು ವಿಧಾನದಲ್ಲಿ, ಸುಮಾರು 6 ಮೀಟರ್ ಉದ್ದದ ಕರುಳಿನಲ್ಲಿ ಆಹಾರಕ್ಕೆ ಉಳಿಯುತ್ತಿದ್ದುದು ಸುಮಾರು 45 ಸೆಂಟಿಮೀಟರ್ ಮಾತ್ರ! ತೂಕವೇನೋ ಇಳಿಯಿತು. ಜೊತೆಗೆ ನಿಲ್ಲದ ಭೇದಿ, ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು, ಕೆಲವರಲ್ಲಿ ಯಕೃತ್ತಿನ ವೈಫಲ್ಯವೂ ಬಂದವು. ಅನೇಕರ ಕರುಳನ್ನು ಮತ್ತೆ ಮೊದಲಿನಂತೆ ಜೋಡಿಸಬೇಕಾಯಿತು. ತೂಕ ಎಷ್ಟು ಇಳಿಯಿತೆಂಬುದೊಂದೇ ಅಳತೆಗೋಲಾದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಅಯೋವ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಬೇರೊಂದು ಸುಳಿವು ಹಿಡಿದರು. ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ತೆಳ್ಳಗಾಗುತ್ತಿದ್ದರು. 1966ರಲ್ಲಿ ಅವರು ಇಟೋ ಅವರೊಡನೆ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವಾಗಿ ಬೇರ್ಪಡಿಸಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸಿದರು. ಇದೇ ಗ್ಯಾಸ್ಟ್ರಿಕ್ ಬೈಪಾಸ್. ಆಮೇಲೆ ಜಠರದ ಸುತ್ತ ಪಟ್ಟಿ ಬಿಗಿಯುವ ಸರಳ ವಿಧಾನಗಳೂ ಬಂದವು. ಆದರೆ ಸ್ವೀಡನ್ನಿನ ದೀರ್ಘ ಅಧ್ಯಯನವು 2007ರಲ್ಲಿ ಪ್ರಕಟಿಸಿದಂತೆ, ಹತ್ತು ವರ್ಷಗಳ ನಂತರ ಬೈಪಾಸ್ ಆದವರ ತೂಕದ ಇಳಿಕೆ ಸರಾಸರಿ ಶೇ. 25, ಪಟ್ಟಿ ಹಾಕಿಸಿಕೊಂಡವರದ್ದು ಶೇ. 14.

1995ರಲ್ಲಿ ಲೆಕ್ಕವೇ ಬದಲಾಯಿತು. ಉತ್ತರ ಕೆರೊಲಿನಾದ ವಾಲ್ಟರ್ ಪೋರೀಸ್ ತಂಡದ ವರದಿಯಲ್ಲಿ, ಬೈಪಾಸ್ ಆದ 146 ಮಧುಮೇಹಿಗಳಲ್ಲಿ 121 ಮಂದಿಯ ರಕ್ತದ ಸಕ್ಕರೆ ಸಹಜ ಮಟ್ಟಕ್ಕೆ ಇಳಿದಿತ್ತು. ಅದೂ ಎಷ್ಟೋ ಸಲ ಕೆಲವೇ ದಿನಗಳಲ್ಲಿ, ತೂಕ ಇಳಿಯುವ ಮೊದಲೇ! ಕೊಳಾಯಿಯ ಲೆಕ್ಕದಿಂದ ಇದನ್ನು ವಿವರಿಸಲಾಗದು. ಕರುಳು ಬರಿಯ ಕೊಳವೆಯಲ್ಲ, ಹಾರ್ಮೋನು ಗ್ರಂಥಿಯೂ ಹೌದು. ಆಹಾರ ಬೇಗನೆ ಕರುಳಿನ ಕೆಳಭಾಗ ತಲುಪಿದಾಗ ಜಿಎಲ್‌ಪಿ-1 ಎಂಬ ಹಾರ್ಮೋನು ಹೆಚ್ಚುತ್ತದೆ. ಅದು ಇನ್ಸುಲಿನ್ ಸ್ರಾವವನ್ನು ಪ್ರಚೋದಿಸುತ್ತದೆ, ಹಸಿವನ್ನೂ ತಗ್ಗಿಸುತ್ತದೆ. (ಇತ್ತೀಚಿನ ತೂಕ ಇಳಿಸುವ ಚುಚ್ಚುಮದ್ದುಗಳು ಅನುಕರಿಸುವುದು ಇದನ್ನೇ.)

ಇನ್ನು ಸ್ಲೀವ್. ಅತಿ ಸ್ಥೂಲರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಅಪಾಯಕರವೆಂದು 2000ದ ಸುಮಾರಿಗೆ ಮಿಷೆಲ್ ಗಾನ್ಯೆ ಅದನ್ನು ಎರಡು ಹಂತವಾಗಿ ಒಡೆದರು. ಮೊದಲ ಹಂತದಲ್ಲಿ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಅಂಗಿಯ ತೋಳಿನಂಥ ಕೊಳವೆಯನ್ನಷ್ಟೇ ಉಳಿಸಲಾಯಿತು. ತೂಕ ಸಾಕಷ್ಟು ಇಳಿದುದರಿಂದ ಹಲವರಿಗೆ ಎರಡನೆಯ ಹಂತವೇ ಬೇಕಾಗಲಿಲ್ಲ. ಹೀಗೆ ಅರ್ಧ ಚಿಕಿತ್ಸೆಯೇ ಪೂರ್ಣ ಚಿಕಿತ್ಸೆಯಾಯಿತು!

ಇಲ್ಲಿ ಭೌತವಿಜ್ಞಾನ ಮತ್ತೆ ತಲೆಹಾಕುತ್ತದೆ. ಅಗಲವಾದ, ಹಿಗ್ಗಬಲ್ಲ ಚೀಲಕ್ಕೆ ಒಂದಿಷ್ಟು ಆಹಾರ ತುಂಬಿದರೆ ಒತ್ತಡ ಅಷ್ಟಾಗಿ ಏರದು. ಹಿಗ್ಗದ ಕಿರಿದಾದ ಕೊಳವೆಗೆ ಅಷ್ಟೇ ತುಂಬಿದರೆ ಬಲು ಬೇಗ ಏರುತ್ತದೆ. ಆ ಒತ್ತಡ ಆಮ್ಲವನ್ನು ಮೇಲಕ್ಕೆ ಅನ್ನನಾಳಕ್ಕೆ ತಳ್ಳುತ್ತದೆ. 2018ರ ಸ್ವಿಟ್ಜರ್ಲೆಂಡಿನ ಪ್ರಯೋಗದಲ್ಲಿ ಐದು ವರ್ಷಗಳ ನಂತರ ತೂಕದ ಇಳಿಕೆಯಲ್ಲಿ ಎರಡಕ್ಕೂ ಗಣನೀಯ ವ್ಯತ್ಯಾಸವಿರಲಿಲ್ಲ. ಮೊದಲೇ ಇದ್ದ ಆಮ್ಲದ ಹಿಮ್ಮುಖ ಹರಿವು ಸ್ಲೀವ್ ಆದವರಲ್ಲಿ ಶೇ. 31.8 ಮಂದಿಗೆ ಹೆಚ್ಚಾಗಿದ್ದರೆ, ಬೈಪಾಸ್ ಆದವರಲ್ಲಿ ಶೇ. 6.3 ಮಂದಿಗೆ ಮಾತ್ರ.

ಆದ್ದರಿಂದ ನಿಮಗಾಗಲಿ ನಿಮ್ಮವರಿಗಾಗಲಿ ಇಂಥ ಸಲಹೆ ಬಂದರೆ, ಎಷ್ಟು ಕಿಲೋ ಇಳಿಯುತ್ತದೆಂಬುದು ಮೊದಲ ಪ್ರಶ್ನೆಯಾಗಬೇಕಿಲ್ಲ. ತೀವ್ರ ಎದೆಯುರಿ ಇದೆಯೇ? ಸಾಮಾನ್ಯವಾಗಿ ಬೈಪಾಸ್ ಮೇಲು. ಹಲವು ವರ್ಷಗಳ ಮಧುಮೇಹವಿದೆಯೇ? ಆಗಲೂ ಅದರತ್ತಲೇ ಒಲವು. ಆದರೆ ಬೈಪಾಸ್ ಆದವರು ಕಬ್ಬಿಣ, ಕ್ಯಾಲ್ಸಿಯಂ, ಬಿ12 ಜೀವಸತ್ವಗಳನ್ನು ಜೀವನಪರ್ಯಂತ ಸೇವಿಸಬೇಕು. ಸ್ಲೀವ್ ಆದವರಿಗೂ ಪೂರ್ತಿ ವಿನಾಯಿತಿ ಇಲ್ಲ. ಬಿ12 ಮೊದಲೇ ಕಡಿಮೆಯಿರುವ ನಮ್ಮ ಸಸ್ಯಾಹಾರಿಗಳಿಗೆ ಇದು ಸಣ್ಣ ಮಾತಲ್ಲ. ಏಷ್ಯದವರಲ್ಲಿ ಮಧುಮೇಹ ಕಡಿಮೆ ತೂಕಕ್ಕೇ ಅಂಟಿಕೊಳ್ಳುವುದರಿಂದ, 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಅವರಿಗೆ ದೇಹ ದ್ರವ್ಯರಾಶಿ ಸೂಚ್ಯಂಕ 27.5 ದಾಟಿದರೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆನ್ನುತ್ತದೆ.

ಜಪಾನಿನಲ್ಲಿ ಮಾತ್ರ ತಕ್ಕಡಿ ಸ್ಲೀವ್ ಕಡೆಗೇ ವಾಲುತ್ತದೆ. ಅಲ್ಲಿ ಜಠರದ ಕ್ಯಾನ್ಸರ್ ಹೆಚ್ಚು. ಬೈಪಾಸ್‌ನಲ್ಲಿ ಬದಿಗೆ ಉಳಿದ ಜಠರವನ್ನು ಎಂಡೋಸ್ಕೋಪಿನಿಂದ ನೋಡುವುದು ಬಲು ಕಷ್ಟ.